ಕಿರುಬೆರಳಿನ ಕಪ್ಪು

ಇಬ್ಬ್ ಎಂಬ ಬೆಟ್ಟಸೀಮೆಯ ಊರೊಂದರಲ್ಲಿ ಜಲೀಲಾಳ ಕೈಯಿಂದ ಖಿದಾಬ್ ಬರೆಸಿಕೊಳ್ಳದೆ ಯಾವ ಮದುಮಗಳೂ ಗಂಡನ ಮನೆಗೆ ಹೋದದ್ದಿಲ್ಲ. ಆ ಕಪ್ಪು ಬಣ್ಣದಲ್ಲಿ ಅವಳು ಅಂಗೈ ತುಂಬ ಬಳ್ಳಿ ಹಬ್ಬಿಸುತ್ತಿದ್ದಳು. ಹೊಗಳಿಸಿಕೊಳ್ಳುವುದೆಂದರೆ ಅವಳಿಗೆ ಪ್ರಾಣ.

ಅದೇ ಅವಳನ್ನು ಕೆಡಿಸಿತು. ಪೋಲಿಯೊ ಹನಿಯವರು ಹನಿ ಕುಡಿದ ಮಗುವಿನ ಕಿರುಬೆರಳಿಗೆ ಕಪ್ಪು ಗುರುತು ಹಾಕಿ ಹೋಗುತ್ತಿದ್ದರು. ಹನಿ ಕುಡಿದ ಗಂಡುಮಗುವಿಗೆ ಮುಂದೆ ಮಕ್ಕಳಾಗುವುದಿಲ್ಲವೆಂದು ಯಾರೋ ನೆರೆಮನೆಯ ತಖಿಯಾಳ ಕಿವಿ ಊದಿದ್ದರು. ಗಂಡ ಗಾಲಿಬ್ ಹಾಕಿಸು ಎಂದಿದ್ದ. ಅವಳು ಅವನ ಕಣ್ಣು ತಪ್ಪಿಸಿ ಮಗ ಹಮ್ದಾನನನ್ನು ಎತ್ತಿಕೊಂಡು ಜಲೀಲಾಳ ಬಳಿ ಬಂದಳು.

"ಖಾಲಾ, ನಿಮ್ಮ ಕೈಗೆ ಇದೇನು ಮಹಾ? ಒಂದು ಚುಕ್ಕೆ ಇಟ್ಬಿಡಿ."

ಜಲೀಲಾ ನಗುತ್ತಲೇ ಇಟ್ಟಳು. ಹನಿಯವರೂ ಮೋಸಹೋದರು, ಗಾಲಿಬನೂ ಮೋಸಹೋದ. ಚಳಿಗಾಲ ಕಳೆಯುವುದರೊಳಗೆ ಹಮ್ದಾನನ ಬಲಗಾಲು ಸ್ವಾಧೀನ ತಪ್ಪಿತು.

ಈಗ ಹನಿಯವರು ಮತ್ತೆ ಬಂದಿದ್ದರು. ನೀರಿನ ತೊಟ್ಟಿಯ ಬಳಿ ಗಾಲಿಬ್ ಮಗನನ್ನು ಎತ್ತಿ ಹಿಡಿದು ಕೂಗಾಡುತ್ತಿದ್ದ.

"ಬೆರಳಿನ ಗುರುತು ನಾನೇ ಕಣ್ಣಾರೆ ನೋಡಿದ್ದೆ! ಹನಿ ಕುಡಿಸಿದ್ದಕ್ಕೇ ಕಾಲು ಹೋಯ್ತು. ನಿಮ್ಮ ಮಕ್ಕಳನ್ನ ಒಳಗಿಡ್ರಪ್ಪಾ!"

ತಾಯಂದಿರು ಮಕ್ಕಳನ್ನು ಎಳೆದುಕೊಂಡು ಹಿಂದೆ ಸರಿದರು. ಹನಿ ಹಾಕಲು ಬಂದಿದ್ದ ಇಲ್ಹಾಮ್ ಹನಿಯ ಪೆಟ್ಟಿಗೆ ಮುಚ್ಚತೊಡಗಿದಳು. ತಖಿಯಾ ನೆಲ ನೋಡುತ್ತಿದ್ದಳು. ಸುಮ್ಮನಿದ್ದರೆ ಊರಿನ ಒಂದು ಮಗುವಿಗೂ ಹನಿ ಬೀಳುವುದಿಲ್ಲವೆಂದು ಜಲೀಲಾಗೆ ಗೊತ್ತಿತ್ತು. ನಾಚಿಕೆಯಾದರೂ ಅವಳು ಗುಂಪನ್ನು ಸರಿಸಿ ಗಾಲಿಬನ ಮುಂದೆ ಬಂದಳು.

"ಆ ಗುರುತು ನಂದು," ಎಂದಳು. "ನಿನ್ನ ಮಗನ ಬಾಯಿಗೆ ಹನಿ ಬಿದ್ದೇ ಇಲ್ಲ. ತಖಿಯಾನ ಬೈಬೇಡ. ದೊಡ್ಡವಳು ನಾನು, ಬೇಡ ಅನ್ನಬೇಕಿತ್ತು."

"ಸುಳ್ಳು! ನಿಂಗೆ ಇವರು ಏನು ತಿನ್ನಿಸಿದ್ರು, ಮುದುಕಿ?"

ಜಲೀಲಾ ಮನೆಗೆ ಹೋಗಿ ಬಣ್ಣದ ಬಟ್ಟಲು ತಂದಳು. ಎಲ್ಲರ ಕಣ್ಣೆದುರು ತನ್ನ ಕಿರುಬೆರಳಿಗೇ ಗುರುತಿಟ್ಟು ಇಲ್ಹಾಮ್‌ಳತ್ತ ಚಾಚಿದಳು. ಇಲ್ಹಾಮ್ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನಾನೇ ಹಾಕಿದ್ದು ಅನ್ನೋ ಹಾಗಿದೆ, ಖಾಲಾ. ಎಷ್ಟು ಚೆನ್ನಾಗಿದೆ!"

ಹೊಗಳಿಕೆ ಕೇಳಿ ಭೂಮಿ ಬಾಯಿಬಿಡಬಾರದೇ ಎನ್ನಿಸಿದ್ದು ಜಲೀಲಾಗೆ ಅದೇ ಮೊದಲು.

ಒಬ್ಬ ತಾಯಿ ಮಗುವನ್ನು ಮುಂದೆ ತಂದಳು, ಹಿಂದೆಯೇ ಇನ್ನೊಬ್ಬಳು. ಗಾಲಿಬ್ ಹೆಂಡತಿಯ ಕಡೆ ತಿರುಗಿಯೂ ನೋಡಲಿಲ್ಲ. ಮಗನನ್ನು ಎತ್ತಿಕೊಂಡೇ ಜಲೀಲಾಳ ಎದುರು ಬಂದು ನಿಂತ. ಕೂಗಲಿಲ್ಲ.

"ಇಷ್ಟು ಚೆನ್ನಾಗಿ ಬರೀತೀಯಲ್ಲ," ಎಂದ. "ಇವನಿಗೊಂದು ಕಾಲೂ ಬರ್ದುಕೊಡು."