ಹಿರಿಯರ ರಾಗಿ

ಕೆಂಗೇರಿ ಆಚೆಯ ಹೊಳೆದಂಡೆ ಹೊಲವನ್ನು ಉಳದೆ ಮಣ್ಣು ಕೊಚ್ಚಿಹೋಗದಿರಲೆಂದು ಹುಲ್ಲಿಗೆ ಬಿಟ್ಟಿದ್ದಕ್ಕೆ ಸರ್ಕಾರ ಹನುಮಕ್ಕನಿಗೆ ವರ್ಷಾವರ್ಷ ದುಡ್ಡು ಕೊಡುತ್ತಿತ್ತು. ಮಣ್ಣು ಕೆದಕಿದರೆ ಅದಕ್ಕೆ ಕತ್ತರಿ. ಆದರೂ ಹನುಮಕ್ಕ ಒಂದು ಮೂಲೆಯಲ್ಲಿ ಹಿಡಿ ರಾಗಿ ಚೆಲ್ಲಿದ್ದಳು. ಪಿತೃಪಕ್ಷದಲ್ಲಿ ಹಿರಿಯರ ಎಡೆಗೆ ಅಂಗಡಿ ರಾಗಿಯ ಮುದ್ದೆ ಇಡೋದುಂಟೇ? ಸತ್ತ ಗಂಡ ಅದನ್ನು ಮೂಸಿಯಾದರೂ ನೋಡಿಯಾನೇ?

ಅವತ್ತು ಸೊಸೆ ಕುಸುಮಾ ಓಡಿಬಂದು, "ಅತ್ತೆ, ಹೊಲ ನೋಡೋಕೆ ಸಾಹೇಬ್ರು ಬರ್ತಾವ್ರಂತೆ!" ಅಂದಳು. ಹನುಮಕ್ಕ ಎದ್ದೆನೋ ಬಿದ್ದೆನೋ ಅಂತ ಹೊಲಕ್ಕೆ ಹೋಗಿ, ಗೇಣುದ್ದ ಬಂದಿದ್ದ ಪೈರನ್ನು ಬೇರುಸಮೇತ ಕಿತ್ತು ಹೊಳೆಗೆ ಎಸೆದಳು. "ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ" ಎಂದು ಹಿರಿಯರಿಗೆ ಕೈಮುಗಿದಳು.

ಸಾಹೇಬರು ಬಂದು ಹೊಲವೆಲ್ಲ ಸುತ್ತಿ, ಆ ಮೂಲೆಯ ಪಕ್ಕದ ಬದುವಿನ ಹತ್ತಿರ ನಿಂತರು. ಅವಸರದಲ್ಲಿ ಕೀಳದೆ ಉಳಿದ ರಾಗಿಪೈರು ಅವರ ಬೂಟಿಗೇ ತಾಗುತ್ತಿತ್ತು. 

"ಹುಲ್ಲು ಚೆನ್ನಾಗಿ ಬಂದಿದೆ ಕಣಮ್ಮ," ಎನ್ನುತ್ತ ಅವರು ಆ ಪೈರಿನ ಫೋಟೊ ಹೊಡೆದುಕೊಂಡರು.

ಆಮೇಲೆ ಮೂಲೆಯತ್ತ ತಿರುಗಿದರು. ಅಲ್ಲಿ ಹಸಿ ಮಣ್ಣು ಬೆತ್ತಲೆ ಬಿದ್ದಿತ್ತು.

"ಇದೇನಮ್ಮ, ಇಲ್ಲಿ ನೆಲ ಅಗೆದಿದೀರಾ?"