ಶಾಲೆಯ ಕಡೆಗೆ ಸರಿದ ಗೆರೆ

ಭೂವಿಜ್ಞಾನ ಕಚೇರಿಯಲ್ಲಿ ಎಲ್ಲರೂ ಅವಳನ್ನು ಬೀಗದಕ್ಕ ಎನ್ನುತ್ತಿದ್ದರು. ಕಂಪ್ಯೂಟರಿನಲ್ಲಿದ್ದ ನಕ್ಷೆಯನ್ನು ಯಾರು ಬರೀ ನೋಡಬಹುದು, ಯಾರು ಅದರ ಗೆರೆಗಳನ್ನು ತಿದ್ದಬಹುದು ಎಂಬುದು ಅವಳ ಕೈಯಲ್ಲಿತ್ತು.

ಗುಡ್ಡದ ಭಾಗವನ್ನು ತಿದ್ದುವ ಹಕ್ಕನ್ನು ಅವಳು ಕೊಟ್ಟಿದ್ದು ಹಿರಿಯ ಭೂವಿಜ್ಞಾನಿಯೊಬ್ಬರಿಗೇ. ನೆಲದೊಳಗಿನ ಬಿರುಕು ಎಲ್ಲೆಲ್ಲಿ ಹಾದುಹೋಗಿದೆ ಎಂದು ಅಳೆದು ಬಂದು ನಕ್ಷೆಯಲ್ಲಿ ಕೆಂಪು ಗೆರೆ ಎಳೆಯುತ್ತಿದ್ದವರು ಅವರು. ಆ ಚಳಿಗಾಲದಲ್ಲಿ ಎದೆನೋವು ಬಂದು ಆಸ್ಪತ್ರೆ ಸೇರಿದವರು ತಿರುಗಿ ಬರಲಿಲ್ಲ. ಅವಳಿಗೆ ಕೆಲಸ ಕಲಿಸಿದವರೇ ಅವರಾಗಿದ್ದರಿಂದ ಅವರ ಖಾತೆ ಮುಚ್ಚಲು ಕೈ ಬರಲಿಲ್ಲ. ಇವತ್ತು ನಾಳೆ ಎಂದು ದಿನ ತಳ್ಳಿದಳು.

ಒಂದು ಬೆಳಿಗ್ಗೆ ನಕ್ಷೆ ತೆರೆದರೆ ಕೆಂಪು ಗೆರೆ ಗುಡ್ಡ ಇಳಿದು ನೀರಿನ ಟ್ಯಾಂಕಿನವರೆಗೆ ಬಂದಿತ್ತು. ತಿದ್ದಿದವರು ಯಾರೆಂದು ನೋಡಿದರೆ ತೀರಿಹೋದವರದೇ ಹೆಸರು. ಏನೋ ಎಡವಟ್ಟಾಗಿರಬೇಕೆಂದು ಗೆರೆಯನ್ನು ಮೊದಲಿನ ಜಾಗಕ್ಕೆ ತಂದಳು. ಮಾರನೆಯ ದಿನ ಅದು ಮತ್ತೆ ಇಳಿದಿತ್ತು. ಈ ಸಲ ಟ್ಯಾಂಕನ್ನೂ ದಾಟಿ ಶಾಲೆಯ ಅಡಿಗೆ ನುಗ್ಗಿತ್ತು.

ಸತ್ತವರ ಖಾತೆ ತೆರೆದಿಟ್ಟು ಕೂತರೆ ದೆವ್ವ ಬರದೆ ಇನ್ನೇನು ಬರುತ್ತದೆ ಎಂದು ಮೇಲಧಿಕಾರಿ ನಗೆಯಾಡಿ, ಕೂಡಲೇ ಮುಚ್ಚಲು ಹೇಳಿದರು. ಮುಚ್ಚಿದಳು. ಆಗ ನೆನಪಾಯಿತು: ಅವರು ಗುಡ್ಡಕ್ಕೆ ಒಯ್ಯುತ್ತಿದ್ದ ಟ್ಯಾಬ್ ಇನ್ನೂ ಕಚೇರಿಗೆ ಬಂದಿಲ್ಲ.

ಸಂಜೆ ಅವರ ಮನೆಗೆ ಹೋದಳು. ಬಾಗಿಲು ತೆಗೆದ ಅವರ ಹೆಂಡತಿ ಏನನ್ನೂ ಮುಚ್ಚಿಡಲಿಲ್ಲ. ಬಿರುಕು ಟ್ಯಾಂಕಿನ ತನಕ ಬಂದಿದೆ, ನಕ್ಷೆಗೆ ಹಾಕಬೇಕು ಎಂದು ಗಂಡ ಆಸ್ಪತ್ರೆಯಲ್ಲಿ ಕೊನೆಯುಸಿರಿನವರೆಗೂ ಅದನ್ನೇ ಕನವರಿಸುತ್ತಿದ್ದರಂತೆ. ಅವರ ಜೊತೆ ಎಷ್ಟೋ ಸಲ ಅಳತೆ ಟೇಪಿನ ಇನ್ನೊಂದು ತುದಿ ಹಿಡಿದವರು ಇವರು. ಟ್ಯಾಬ್ ಗಂಡನ ಖಾತೆಯಲ್ಲೇ ತೆರೆದಿತ್ತು. ತಾವೇ ಕೂತು ಗೆರೆ ಎಳೆದರಂತೆ. ಗೆರೆ ಅಳಿಸಿಹೋದಾಗ ಮತ್ತೆ ಎಳೆದರಂತೆ.

"ಕಚೇರಿಗೆ ಬಂದು ಹೇಳಿದ್ರೆ ನನ್ನ ಮಾತು ಯಾರು ನಂಬ್ತಿದ್ರು ಹೇಳಮ್ಮ?"

ಬೀಗದಕ್ಕನ ಎದೆ ಹಗುರಾಯಿತು. ಟ್ಯಾಬನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಕೇಳಿದಳು: "ಶಾಲೆ ಕೆಳಗೂ ಬಿರುಕಿದೆ ಅಂತ ಅಂದಿದ್ರಾ ಅಮ್ಮ?"

"ಶಾಲೆನಾ?" ಆಕೆ ಅವಳನ್ನೇ ನೋಡಿದರು. "ನಾನು ಟ್ಯಾಂಕ್ ಹತ್ರಾನೇ ನಿಲ್ಲಿಸಿದೆ. ಅದರಾಚೆಗೆ ನನಗೇನು ಗೊತ್ತು?"

ಆ ಮುಖದಲ್ಲಿ ಸುಳ್ಳಿರಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಮರುದಿನ ನಕ್ಷೆಯ ಮುಂದೆ ಕುಳಿತಳು. ಶಾಲೆಯ ಕಡೆಗಿನ ಆ ತುಂಡನ್ನು ಅಳಿಸುವ ಹಕ್ಕು ಈಗ ಅವಳೊಬ್ಬಳದೇ. ಬೆರಳು ಮೇಲೇಳಲಿಲ್ಲ. ಟ್ಯಾಂಕಿನವರೆಗಿನದು ತೀರಿಹೋದವರು ಹೇಳಿ ಅವರ ಹೆಂಡತಿ ಎಳೆದದ್ದು, ಅದರಾಚೆಯದು ಯಾರು ಎಳೆದದ್ದೋ ತಿಳಿಯದು ಎಂದು ಇದ್ದದ್ದನ್ನು ಇದ್ದ ಹಾಗೆ ಮೇಲಧಿಕಾರಿಗೆ ಹೇಳಿದಳು. ಅವರು ಈ ಸಲ ನಗಲಿಲ್ಲ. ಗೊಣಗುತ್ತಲೇ ಕೊರೆಯುವ ಯಂತ್ರ ಕಳಿಸಿದರು.

ಶಾಲೆಯ ಅಂಗಳದಲ್ಲಿ ಕೊರೆಯುತ್ತಿದ್ದ ಸರಳು ಇದ್ದಕ್ಕಿದ್ದಂತೆ ಟೊಳ್ಳಿಗೆ ಜಾರಿತು. ಮಕ್ಕಳನ್ನು ಬೇರೆ ಕಟ್ಟಡಕ್ಕೆ ಸಾಗಿಸಿದರು. ವಾರ ಕಳೆಯುವುದರೊಳಗೆ ಖಾಲಿ ತರಗತಿಯೊಂದರ ನೆಲ ಬೆಂಚುಗಳ ಸಮೇತ ಕುಸಿಯಿತು. ಯಾರಿಗೂ ಏನೂ ಆಗಲಿಲ್ಲ.

ಗುಡ್ಡದ ಭಾಗವನ್ನು ಈಗ ಹೊಸಬರೊಬ್ಬರು ನೋಡಿಕೊಳ್ಳುತ್ತಾರೆ. ಆದರೂ ಬೀಗದಕ್ಕ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಆ ಗೆರೆಯನ್ನೊಮ್ಮೆ ನೋಡುತ್ತಾಳೆ. ಸರಿದಿದ್ದರೆ ಎಂಬ ಅಂಜಿಕೆ ಒಂದು ಕಡೆ. ಸರಿಯದೇ ಇದ್ದಾಗ, ಯಾಕೋ, ಅವರು ಇನ್ನೊಮ್ಮೆ ಹೊರಟುಹೋದಂತೆ ಅನಿಸುತ್ತದೆ.