ಮೊಣಕೈ ಕೆಳಗಿನ ನಂಬರು

ಬೋರ್ಡಣ್ಣ ಮನೆಯ ದಾರಿ ಮರೆಯತೊಡಗಿದ ಮೇಲೆ ಅವನ ಹೆಂಡತಿ ಮಾಡದ ಉಪಾಯವಿಲ್ಲ. ಊರಿನ ಅಂಗಡಿಗಳಿಗೆಲ್ಲ ಬೋರ್ಡು ಬರೆದೇ ಆ ಹೆಸರು ಗಳಿಸಿದವನು, ಈಗ ಯಾವ ಬೋರ್ಡು ನೋಡಿದರೂ ತಾನೆಲ್ಲಿದ್ದೇನೆಂದು ತಿಳಿಯುತ್ತಿರಲಿಲ್ಲ. ಜೇಬಿನಲ್ಲಿ ಚೀಟಿ ಇಟ್ಟರೆ ಹರಿದು ಹಾಕುವನು. ಕೈಗೆ ಪಟ್ಟಿ ಕಟ್ಟಿದರೆ ಬಿಚ್ಚಿ ಎಸೆಯುವನು. ಅವಳು ಅಂಗಿಯ ಕಾಲರಿಗೆ ತನ್ನ ಫೋನ್ ನಂಬರನ್ನು ದಾರದಲ್ಲಿ ಹೊಲಿದಳು. ಅವನು ಒಂದೊಂದೇ ಎಳೆ ಕಿತ್ತು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿಟ್ಟ.

ಕಳೆದ ಚಳಿಗಾಲದಲ್ಲಿ ದಾರಿ ತಪ್ಪಿ ಹೋದವನು ಸಿಕ್ಕಿದಾಗ ಬಸ್ ಡಿಪೋದ ಹಿಂದೆ ಬರಿಗಾಲಲ್ಲಿ ಕುಳಿತಿದ್ದ, ತುಟಿ ನೀಲಿಗಟ್ಟಿತ್ತು. ಇನ್ನೊಮ್ಮೆ ಹೀಗಾದರೆ ಜೀವ ಉಳಿಯುವುದು ಕಷ್ಟ ಎಂದು ವೈದ್ಯರು ಹೇಳಿದಾಗ ಅವಳು ತಲೆಯಾಡಿಸಿದಳು. ಒಳಗೆ ಏನೂ ಅಲುಗಲಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿ ಮಾಡಿ ಅವಳ ಬೆರಳ ತುದಿಗೆ ಬಿಸಿ ತಾಗುವುದು ನಿಂತು ಎಷ್ಟೋ ಕಾಲವಾಗಿತ್ತು. ಆ ಜಡವೇ ಈಗ ಎದೆಯವರೆಗೂ ಏರಿತ್ತು, ಅಷ್ಟೆ.

ಹಚ್ಚೆಯ ಯೋಚನೆ ಬಂದದ್ದು ಆಗ. ಚರ್ಮವನ್ನು ಬಿಚ್ಚಿ ಎಸೆಯಲಾರನಲ್ಲ.

ನಾದಿನಿ ಕೇಳಿ ಕೆಂಡವಾದಳು.

"ನಮ್ಮಣ್ಣ ಏನು ಎಮ್ಮೆನಾ ಅತ್ತಿಗೆ, ಮುದ್ರೆ ಒತ್ತಿಸೋಕೆ?"

"ಎಮ್ಮೆ ಆಗಿದ್ರೆ ಸಂಜೆ ತಾನೇ ಮನೆಗೆ ಬರ್ತಿತ್ತು," ಎಂದಳು ಅವಳು.

ಹಚ್ಚೆ ಹಾಕುವ ಹುಡುಗಿ ಮಾತಿಗೆ ಬೆಣ್ಣೆ ಹಚ್ಚಲಿಲ್ಲ. ವಯಸ್ಸಾದ ಚರ್ಮ ಕಾಗದದಷ್ಟು ತೆಳು, ರಕ್ತ ಬರುತ್ತದೆ, ಶಾಯಿ ಹರಡಿ ಅಂಕಿ ಕಲಸಿಹೋಗಲೂಬಹುದು ಎಂದಳು. ನಂಬರನ್ನು ಮುಂದೆ ಬದಲಿಸುವಂತಿಲ್ಲ. ಆದರೆ ಒಮ್ಮೆ ಕೂತರೆ ನೀರಿಗೂ ಹೋಗದು, ಸೋಪಿಗೂ ಹೋಗದು, ಮರೆವಿಗೂ ಹೋಗದು.

"ನೀವೊಬ್ರು ಒಪ್ಪಿದ್ರೆ ಸಾಲದಮ್ಮ. ಕೈ ಅವರದು. ಅವರಾಗೇ ಚಾಚಿದ್ರೆ ಮಾತ್ರ ಸೂಜಿ ಹಿಡೀತೀನಿ."

ಬೋರ್ಡಣ್ಣ ಹಚ್ಚೆ ಅಂಗಡಿಯ ಗೋಡೆಯ ಮೇಲಿನ ಅಂಕಿಗಳ ಮಾದರಿಯನ್ನೇ ನೋಡುತ್ತಿದ್ದ. "ಆ ಏಳರ ಅಂಕಿ ವಾಲಿ ಬೀಳ್ತಾ ಇದೆ," ಎಂದ. ಪೆನ್ನಿಗಾಗಿ ಕೈ ನೀಡಿದ. ಹುಡುಗಿ ಪೆನ್ನು, ಕಾಗದ ಕೊಟ್ಟಳು; ಹೆಂಡತಿ ತನ್ನ ನಂಬರು ಹೇಳಿದಳು.

ಚಮಚ ಹಿಡಿದರೆ ತಟ್ಟೆಯ ಮೇಲೆ ಗಡಗಡ ಬಡಿಯುತ್ತಿದ್ದ ಕೈ ಅದು. ಈಗ ನಡುಗಲಿಲ್ಲ. ಒಂದೊಂದು ಅಂಕಿಯೂ ಎದೆಯೆತ್ತಿ ನಿಂತಿತು. ಹೆಂಡತಿ ಕಾಗದ ನೋಡಲಿಲ್ಲ, ಆ ಕೈಯನ್ನಷ್ಟೇ ನೋಡಿದಳು. ಹುಡುಗಿ ಬರಹದ ಅಚ್ಚನ್ನು ಮೊಣಕೈ ಕೆಳಗೆ ಮೂಡಿಸಿ, ಸರಿಯಿದೆಯಾ ಎಂದು ಕೇಳಿದಾಗ, "ಚೆನ್ನಾಗಿದೆ," ಎಂದಳು ಹೆಂಡತಿ. ಅವನಾಗಿಯೇ ಕೈ ಚಾಚಿದ. ಸೂಜಿ ಓಡುತ್ತಿದ್ದಾಗ ಹುಬ್ಬು ಕೂಡ ಅಲುಗಿಸಲಿಲ್ಲ.

ಮನೆಗೆ ಬಂದು ಸೋಪುನೀರಲ್ಲಿ ಒರೆಸುವಾಗ ಅವಳು ಅಂಕಿಗಳನ್ನು ಓದಿದಳು. ಅದು ಅವಳ ನಂಬರಲ್ಲ. ಎಂದೋ ಮುಚ್ಚಿಹೋದ ಅವನ ಅಂಗಡಿಯದು. ಬರೆದ ಪ್ರತಿ ಬೋರ್ಡಿನ ಮೂಲೆಯಲ್ಲೂ ಸಣ್ಣದಾಗಿ ಹಾಕುತ್ತಿದ್ದ ನಂಬರು. ತಲೆ ಮರೆತದ್ದನ್ನು ಕೈ ಮರೆತಿರಲಿಲ್ಲ.

ನಗಬೇಕಿತ್ತು, ಇಲ್ಲವೇ ಅಳಬೇಕಿತ್ತು. ಎರಡೂ ಬರಲಿಲ್ಲ. ಸೋಪು ತೊಳೆದು, ಟವಲು ಒಣಹಾಕಿದಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಎಂದು ನಾದಿನಿ ಹೇಳಿದ್ದಕ್ಕೆ ಹೂಂಗುಟ್ಟಿದಳು.

ಮರುದಿನ ಊಟದ ಬಿಡುವಿನಲ್ಲಿ ಆ ನಂಬರಿಗೆ ಫೋನ್ ಮಾಡಿದಳು. ಎತ್ತಿದವನು ಈಗ ಆ ನಂಬರು ಪಡೆದಿದ್ದ ಒಬ್ಬ ಟೈರ್ ಅಂಗಡಿಯವನು. ನಡೆದದ್ದನ್ನೆಲ್ಲ ಬೇರೆ ಯಾರದೋ ಮನೆಯ ಸುದ್ದಿಯೆಂಬಂತೆ ಹೇಳಿದಳು.

"ಬೋರ್ಡು ಬರೆಯೋರಾ ಅಂತ ಈಗ್ಲೂ ಕೇಳ್ತಾರಕ್ಕ. ರಾಂಗ್ ನಂಬರ್ ಅಂತ ಬೈದು ಇಟ್ಟುಬಿಡ್ತಿದ್ದೆ."

"ಇನ್ಮೇಲೆ ಬೈಬೇಡಪ್ಪ."

ಅವಳ ನಂಬರನ್ನು ಫೋನಿನ ಪಕ್ಕದ ಗೋಡೆಯ ಮೇಲೆ ಬರೆದುಕೊಳ್ಳುವುದಾಗಿ ಹೇಳಿದ.

ಮತ್ತೆ ಚಳಿ ಶುರುವಾದಾಗ, ನಾದಿನಿ ಬಾಗಿಲ ಚಿಲಕ ಹಾಕಲು ಮರೆತ ಒಂದು ಮಧ್ಯಾಹ್ನ ಬೋರ್ಡಣ್ಣ ಹೊರಟುಹೋದ. ಅವಳು ಲಾಂಡ್ರಿಯಲ್ಲಿ ಹಾಸಿಗೆಬಟ್ಟೆ ಮಡಚುತ್ತಿದ್ದಳು. ಅವನು ಹೋದದ್ದು ಗೊತ್ತಾಗುವ ಮೊದಲೇ ಫೋನ್ ಬಂತು.

"ಅಕ್ಕಾ, ಟೈರ್ ಅಂಗಡಿಯಿಂದ. ನಿಮ್ಮ ಯಜಮಾನ್ರು ಹಳೇ ಸೇತುವೆ ಪಕ್ಕದ ಕನ್ನಡಕದಂಗಡೀಲಿ ಇದಾರಂತೆ. ಕೈ ಮೇಲಿನ ನಂಬರ್ ನೋಡಿ ನಂಗೆ ಮಾಡಿದ್ರು."

ಅವಳು ಹೋದಾಗ ಅವನು ಆ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದ. ಕಾಲು ಬರಿದು, ಆದರೆ ಯಾರೋ ಚಾದರ ಹೊದಿಸಿದ್ದರು. ಅವಳನ್ನು ಕಂಡು, "ಅಂಗಡಿಗೆ ಫೋನ್ ಬಂದಿತ್ತಾ?" ಎಂದು ಕೇಳಿದ.

"ಬಂದಿತ್ತು."

"ಏನಂತೆ?"

ಅವಳು ಮೇಲೆ ಮಡಚಿದ್ದ ಅವನ ಅಂಗಿಯ ತೋಳನ್ನು ಕೆಳಗಿಳಿಸಿ ಗುಂಡಿ ಹಾಕಿದಳು. "ಬೋರ್ಡು ಬರೆಯೋಕೆ ಬೇಗ ಬರಬೇಕಂತೆ," ಎಂದಳು.

ಅವನು ತಟ್ಟನೆ ಎದ್ದು ನಿಂತ.